ಯೆಲ್ಕಾಳ ಮನೆಯ ನೆಲ ಇಳಿದದ್ದು

ತನ್ನ ಮನೆಯ ನೆಲ ಇಳಿಯುತ್ತಿದೆ ಎಂದು ಯೆಲ್ಕಾ ನನಗೆ ಹೇಳಿದ್ದು ಕಾಫಿ ಬಗ್ಗಿಸುತ್ತ, ಸಕ್ಕರೆ ಮುಗಿದಿದೆ ಎನ್ನುವ ಧಾಟಿಯಲ್ಲಿ.

"ಕುಮಾ, ನೆಲ ಕೆಳಗೆ ಹೋಗ್ತಾ ಇದೆ."

"ಬಿಸಿಲಿಗೇ ಹೋಗದೋಳಿಗೂ ತಲೆ ಕಾಯುತ್ತಾ?" ಅಂದೆ.

ನನ್ನ ಮಗಳ ದೀಕ್ಷಾಸ್ನಾನದಲ್ಲಿ ಮಗುವನ್ನು ಎತ್ತಿ ಹಿಡಿದವಳು ಯೆಲ್ಕಾ. ಅಂದಿನಿಂದ ನಾವು ಒಬ್ಬರಿಗೊಬ್ಬರು ಕುಮಾ, ದೇವರ ಮುಂದೆ ಆದ ನೆಂಟರು. ಅವಳನ್ನು ಬೈಯುವ ಹಕ್ಕು ಊರಿನಲ್ಲಿ ನನಗೊಬ್ಬಳಿಗೇ ಇದೆ, ಅದನ್ನು ನಾನು ಧಾರಾಳವಾಗಿ ಬಳಸಿಕೊಂಡಿದ್ದೇನೆ.

ಕ್ರೊಯೇಷಿಯಾದ ಒಂದು ಕಲ್ಲುದ್ವೀಪದಿಂದ ಹತ್ತೊಂಬತ್ತರ ಹುಡುಗಿಯಾಗಿ ಇಲ್ಲಿಗೆ, ಮರುಭೂಮಿಯ ಗಣಿಯೂರು ಕೂಬರ್ ಪೀಡಿಗೆ, ಬಂದವಳು ಅವಳು. ಓಪಲ್ ರತ್ನದ ಗಣಿಯವರಿಗೆ ಅಡುಗೆ ಮಾಡುತ್ತಿದ್ದಾಗ ಯೂರೆ ಕಣ್ಣಿಗೆ ಬಿದ್ದ. ಮದುವೆಯಾದ ವರ್ಷವೇ ಅವನು, ಬಿಸಿಲು ತಾಳದೆ ಇಲ್ಲಿ ಎಲ್ಲರೂ ಮಾಡುವ ಹಾಗೆ, ಗುಡ್ಡದೊಳಗೆ ಪಿಕಾಸಿ ಹಿಡಿದು ಮನೆ ಕೊರೆದ. ಎಲ್ಲವೂ ಅವಳ ಅಳತೆಗೇ. ಉಪ್ಪಿನ ಗೂಡು ಅವಳ ಕೈ ಎತ್ತರಕ್ಕೆ, ಮೇರಿ ಮಾತೆಯ ಗೂಡು ಅವಳ ತುಟಿಯ ಎತ್ತರಕ್ಕೆ. ಬೆಳಿಗ್ಗೆ ಎದ್ದು ಮಾತೆಯ ಪಾದಕ್ಕೆ ಮುತ್ತಿಡದೆ ಅವಳು ಒಲೆ ಹಚ್ಚಿದವಳಲ್ಲ.

ಯೂರೆ ಕಳೆದುಹೋಗಿ ಹತ್ತು ವರ್ಷದ ಮೇಲಾಯಿತು. ಸತ್ತ ಎಂದು ನಾವು ಹೇಳುತ್ತೇವೆ, ಅವಳು ಹೇಳುವುದಿಲ್ಲ. ಬಯಲಿನಲ್ಲಿ ಎಲ್ಲಿ ಕಾಲಿಟ್ಟರೂ ಬಾಯಿ ತೆರೆದ ಹಳೇ ಗಣಿಗುಂಡಿಗಳು. ಒಂದು ಗುಂಡಿಯ ಬಾಯಲ್ಲಿ ಅವನ ಹಗ್ಗ ಸಿಕ್ಕಿತು, ಒಳಗೆ ಅವನು ಸಿಗಲಿಲ್ಲ. ಅಂದಿನಿಂದ ಅವಳು ಮನೆ ಬಿಟ್ಟು ಹೊರಗೆ ಬರಲಿಲ್ಲ. ಅವನು ಬಂದಾಗ ಮನೆ ಖಾಲಿ ಇರಬಾರದಂತೆ. ಅಂಗಡಿ ಸಾಮಾನು ನಾನು ತಂದುಕೊಡುತ್ತಿದ್ದೆ. ಬ್ರೆಡ್ಡು, ಕಾಫಿಪುಡಿ, ಸಿಗರೇಟು. ಅದರ ಮೇಲೇ ಅವಳು ಬದುಕಿದ್ದಳು.

"ನಂಬಲ್ವಾ? ಬಾ," ಎಂದು ಗೂಡಿನ ಮುಂದೆ ನಿಲ್ಲಿಸಿದಳು. ಕತ್ತು ಚಾಚಿದಳು. ಅವಳ ತುಟಿ ಗೂಡಿಗಿಂತ ನಾಲ್ಕು ಬೆರಳು ಕೆಳಗೆ, ಬರೀ ಕಲ್ಲಿಗೆ ತಾಗಿತು. ಅಲ್ಲಿ ಕಲ್ಲು ಮಾಸಿ ನುಣ್ಣಗಾಗಿತ್ತು. ಎಷ್ಟು ತಿಂಗಳಿಂದ ಅವಳು ಕಲ್ಲಿಗೇ ಮುತ್ತಿಡುತ್ತಿದ್ದಳೋ.

ನನಗೂ ಮೊದಲು ಹೊಳೆದದ್ದು ನೆಲದ ವಿಷಯವೇ. ನಮ್ಮೂರಲ್ಲಿ ಇದೇನೂ ಹೊಸದಲ್ಲ. ಊರೊಳಗೆ ಗಣಿ ತೋಡಬಾರದು, ಆದರೆ ಮನೆಗೆ ಒಂದು ಕೋಣೆ ಹೆಚ್ಚಿಸಿಕೊಳ್ಳಬಹುದು. ಹಾಗಾಗಿ ಓಪಲ್ ಆಸೆಗೆ ಬಿದ್ದ ಎಲ್ಲರಿಗೂ ಕೋಣೆ ಸಾಲುವುದೇ ಇಲ್ಲ. ನಮ್ಮ ಬಚ್ಚಲಿನ ಗೋಡೆಯಿಂದ ಒಮ್ಮೆ ಪಕ್ಕದವನ ಪಿಕಾಸಿ ಮೂತಿ ಹಾಕಿತ್ತು, ನಾನು ಸ್ನಾನ ಮಾಡುತ್ತಿದ್ದೆ. ಯಾವನೋ ಕಳ್ಳ ಯೆಲ್ಕಾಳ ನೆಲದಡಿ ಕೊರೆಯುತ್ತಿದ್ದಾನೆ ಎಂದುಕೊಂಡೆ.

"ಯಾರು ಅಂತ ಹೇಳು, ಹೋಗಿ ಉಗಿದು ಬರ್ತೀನಿ."

"ಯಾರೂ ಅಲ್ಲ ಕಣೇ. ಸುಮ್ನಿರು, ಕೇಳ್ಸುತ್ತೆ."

ಮಟಮಟ ಮಧ್ಯಾಹ್ನ. ಹೊರಗೆ ಕಾದ ಬಯಲು, ಒಳಗೆ ಒಂದು ದೀಪ, ಬಿಳಿ ಧೂಳು, ನಮ್ಮಿಬ್ಬರ ಉಸಿರು. ಅವಳು ಬಗ್ಗಿ ನೀರಿನ ಪಾತ್ರೆ ಎತ್ತಿದಳು.

ಟಕ್.

ಸಣ್ಣ ಸದ್ದು. ದೂರದಲ್ಲಿ ಪಿಕಾಸಿಯ ಮೊನೆ ಕಲ್ಲಿಗೆ ತಾಗಿದ ಹಾಗೆ. ನಾನು ಕೇಳಿದೆ, ಸುಳ್ಳು ಹೇಳಲಾರೆ. ಯೆಲ್ಕಾ ಸೊಂಟ ಹಿಡಿದು ಮೆಲ್ಲಗೆ ನೆಟ್ಟಗಾದಳು. ಹಣೆ ಬೆವರಿತ್ತು, ಮುಖದಲ್ಲಿ ಮಾತ್ರ ಹೊಸ ಮದುವಣಗಿತ್ತಿಯ ನಗು.

"ಯೂರೆ," ಅಂದಳು. "ಅವನು ಕೆಳಗೆ ಪಿಕಾಸಿ ಹೊಡೆದಾಗೆಲ್ಲ ನನ್ನ ಬೆನ್ನು ನೋಯುತ್ತೆ. ಅವನಿಗೂ ಹೀಗೇ ನೋಯ್ತಿತ್ತು, ಪಾಪ."

ನನ್ನ ಮೈಯೆಲ್ಲ ಮುಳ್ಳೆದ್ದಿತು. ದೆವ್ವ ಗಿವ್ವ ನಂಬುವವಳಲ್ಲ ನಾನು, ಆದರೂ ಎರಡು ಕಾಲನ್ನೂ ಕುರ್ಚಿಯ ಮೇಲಕ್ಕೆ ಎತ್ತಿಕೊಂಡೆ.

ಮರುವಾರ ಕತ್ತಲಾದ ಮೇಲೆ ಹೋದಾಗ ಮಲಗುವ ಕೋಣೆಯ ಮೂಲೆಯ ಹಲಗೆಗಳು ಸರಿದಿದ್ದವು. ಅದರಡಿ ಓಪಲ್ ಹುಡುಕುತ್ತ ಯೂರೆ ತೋಡಿ ಬಿಟ್ಟಿದ್ದ ಗುಂಡಿ, ಬಾವಿಯಷ್ಟು ಆಳ. ಯೆಲ್ಕಾ ಏಣಿಯ ಮೇಲೆ ನಿಂತಿದ್ದಳು. ಸೊಂಟದಿಂದ ಮೇಲಿನ ಭಾಗವಷ್ಟೇ ನೆಲದ ಮೇಲೆ ಕಾಣುತ್ತಿತ್ತು.

"ಏನೇ ಮಾಡ್ತಿದೀಯಾ?"

"ಸಾಕು, ಮೇಲೆ ಬಾ ಅಂತ ಹೇಳಿ ಬರ್ತೀನಿ. ಪಾಪ, ದಾರಿ ಗೊತ್ತಾಗ್ತಿಲ್ಲ ಅವನಿಗೆ."

ಬೋರಲು ಬಿದ್ದು ಅವಳ ಕಂಕುಳಿಗೆ ಕೈ ಕೊಟ್ಟು ಎಳೆದೆ. ಹಕ್ಕಿಯಷ್ಟೂ ಭಾರವಿರಲಿಲ್ಲ. ಎದೆಗೆ ಒತ್ತಿಕೊಂಡು ಮೇಲೆ ತರುವಾಗ ಮತ್ತೆ ಟಕ್ ಎಂದಿತು. ಈ ಸಲ ದೂರದಲ್ಲಲ್ಲ. ನನ್ನ ಅಂಗೈಯಡಿ, ಅವಳ ಅಂಗಿಯೊಳಗೆ, ಬೆನ್ನಿನಲ್ಲಿ.

ಅವಳನ್ನು ಮಲಗಿಸಿ ಗಾಡಿ ಕರೆಯಲು ಓಡಿದೆ. ಅಡುಗೆಮನೆಯ ಬಾಗಿಲಲ್ಲಿ ಹಣೆ ಮೇಲಿನ ಕಲ್ಲಿಗೆ ಬಡಿಯಿತು. ನಾನು ಗಂಡಸರಷ್ಟು ಎತ್ತರ, ಈ ಮನೆಗೆ ಬಂದ ಮೊದಲ ದಿನದಿಂದಲೂ ಆ ಕಲ್ಲಿಗೆ ಹಣೆ ಕೊಡುತ್ತಲೇ ಬಂದಿದ್ದೇನೆ. ನೆಲ ಇಳಿದಿದ್ದರೆ ಹೇಗೆ ಬಡಿಯಬೇಕು? ನೆಲ ಎಲ್ಲಿತ್ತೋ ಅಲ್ಲೇ ಇದೆ. ಇಳಿಯುತ್ತಿರುವವಳು ಯೆಲ್ಕಾ. ಹಣೆ ಉಜ್ಜಿಕೊಳ್ಳುತ್ತ ಅಲ್ಲೇ ನಿಂತೆ. ದೆವ್ವವೇ ಆಗಿದ್ದರೆ ಎಷ್ಟೋ ವಾಸಿಯಿತ್ತು ಅನಿಸಿತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಕಪ್ಪಿನೊಳಗೆ ಯೆಲ್ಕಾಳ ಬೆನ್ನುಮೂಳೆ ಬೆಳ್ಳಗೆ ಹೊಳೆಯುತ್ತಿತ್ತು. ಒಂದರ ಮೇಲೊಂದು ಕೂತ ತುಂಡುಗಳಲ್ಲಿ ಮೂರು ಚಪ್ಪಟೆಯಾಗಿ ಒಂದು ಕಡೆಗೆ ವಾಲಿದ್ದವು. ಯೆಲ್ಕಾ ಗಣಿಯವನ ಹೆಂಡತಿ. ನೋಡಿದ ಕೂಡಲೇ ಅಂದಳು, "ಕಂಬ ಕೊರ್ಕೊಂಡು ತಿಂದಿದ್ದಾರೆ. ಸೂರು ಕೂತಿದೆ."

"ಸರಿಯಾಗಿ ಹೇಳಿದ್ರಿ ಅಮ್ಮಾ. ಮೂಳೆ ಒಳಗೇ ಟೊಳ್ಳಾಗಿದೆ. ಮುಟ್ಟು ನಿಂತ ಮೇಲೆ ಹೆಂಗಸರಿಗೆ ಇದು ಜಾಸ್ತಿ. ನೀವು ಬಿಸಿಲನ್ನೇ ನೋಡಿಲ್ಲ, ಸಿಗರೇಟು ಬಿಟ್ಟಿಲ್ಲ, ಹೊಟ್ಟೆಗೂ ಸರಿಯಾಗಿ ತಿಂದಿಲ್ಲ. ಒಂದೊಂದು ಮೂಳೆ ಕುಸಿದ ಹಾಗೂ ಕುಳ್ಳಗಾಗ್ತಾ ಬಂದಿದ್ದೀರಿ." ಆರು ತಿಂಗಳಿಗೊಮ್ಮೆ ಇಂಜೆಕ್ಷನ್, ಅದನ್ನು ತಪ್ಪಿಸುವ ಹಾಗಿಲ್ಲ. ದಿನಾ ಮಾತ್ರೆ. ಬೆಳಗಿನ ಎಳೆಬಿಸಿಲು, ಮೊಸರು, ಮುಳ್ಳುಸಮೇತ ತಿನ್ನುವ ಡಬ್ಬಿ ಮೀನು. ಕಟ್ಟೆ ಹಿಡಿದುಕೊಂಡು ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮ. ಬಗ್ಗಿ ಭಾರ ಎತ್ತಲೇಬಾರದು. ಸೊಂಟದ ಮೂಳೆ ಮುರಿದರೆ ಮತ್ತೆ ನಡೆಯುವುದು ಕಷ್ಟ ಎಂದು ಎರಡು ಸಲ ಹೇಳಿದರು.

"ಇದೆಲ್ಲ ಮಾಡಿದ್ರೆ ಸದ್ದು ನಿಲ್ಲುತ್ತಾ?" ಯೆಲ್ಕಾ ಕೇಳಿದಳು.

"ಮೂಳೆ ಕುಸಿಯೋದು ಕಡಿಮೆ ಆಗುತ್ತೆ. ಸದ್ದೂ ನಿಲ್ಲಬೇಕು," ಡಾಕ್ಟರಮ್ಮ ನಕ್ಕರು.

ಯೆಲ್ಕಾ ಎದ್ದು ಶಾಲು ಹೊದ್ದಳು. "ಹಾಗಾದ್ರೆ ನನಗೆ ಬೇಡ."

ದಾರಿಯುದ್ದಕ್ಕೂ ಬೈದೆ. ಅದು ನಿನ್ನ ಮೂಳೆ ಕಣೇ, ಯೂರೆ ಅಲ್ಲ ಎಂದೆ. ಗೊತ್ತು ಎಂದಳು. ಗೊತ್ತಿದ್ದೂ ಹೀಗೆ ಮಾಡುವವರಿಗೆ ಏನು ಹೇಳುವುದು. ಮುನಿಸಿಕೊಂಡು ಕೆಲವು ದಿನ ಆ ಕಡೆ ತಲೆ ಹಾಕಲಿಲ್ಲ.

ಮತ್ತೆ ಹೋದ ದಿನ ಬಾಗಿಲಲ್ಲೇ ನಿಂತುಬಿಟ್ಟೆ. ಯೆಲ್ಕಾ ನನಗೆ ಬೆನ್ನು ಹಾಕಿದ್ದಳು. ನೀರು ತುಂಬಿದ ಬಕೆಟ್ಟನ್ನು ಬಗ್ಗಿ ಎತ್ತುತ್ತಿದ್ದಳು, ಇಳಿಸಿ ಕಿವಿಗೊಡುತ್ತಿದ್ದಳು. ಮತ್ತೆ ಎತ್ತುತ್ತಿದ್ದಳು. ಸದ್ದು ಬರಲಿಲ್ಲ. "ಯೂರೆ," ಎಂದು ನೆಲಕ್ಕೆ ಪಿಸುಗುಟ್ಟಿ ಮತ್ತೆ ಬಗ್ಗಿದಳು. ಗುಂಡಿಯ ಬಾಯಲ್ಲಿ ಕಂಡಾಗಲೂ ಅವಳನ್ನು ನೋಡಿ ನಾನು ಇಷ್ಟು ಹೆದರಿರಲಿಲ್ಲ.

ಹತ್ತಿರ ಹೋಗಿ ಬಕೆಟ್ಟಿನ ಹಿಡಿಯ ಮೇಲೆ, ಅವಳ ಕೈಮೇಲೆ, ಕೈಯಿಟ್ಟೆ.

"ಕುಮಾ, ಬದುಕಿದ್ದಾಗ ಅವನು ನಿನ್ನ ಕೈಲಿ ಒಂದು ಬಕೆಟ್ ಎತ್ತಿಸಿದ್ನಾ?"

ಅವಳು ಬಕೆಟ್ಟಿನ ಹಿಡಿ ಬಿಡಲಿಲ್ಲ.

"ಇಡೀ ಗುಡ್ಡ ಒಬ್ನೇ ಕೊರೆದ. ನಿನ್ನ ಕೈಲಿ ಒಂದು ಕಲ್ಲು ಹೊರಿಸ್ಲಿಲ್ಲ. ಅಂಥೋನು ಈಗ ನಿನ್ನ ಬೆನ್ನು ಒಡೀತಾನಾ? ಈ ಸದ್ದನ್ನ ಯೂರೆ ಅಂತೀಯಲ್ಲ, ಯೂರೆಗೆ ಗೊತ್ತಾದ್ರೆ ನಿನ್ನ ಮುಖ ನೋಡ್ತಾನೇನೇ?"

ಅವಳ ಬೆರಳು ಒಂದೊಂದಾಗಿ ಸಡಿಲವಾದವು. ಗೋಡೆಗೆ ಒರಗಿದಳು. ನಾವಿಬ್ಬರೂ ಕಿವಿಗೊಟ್ಟೆವು. ಆ ಮನೆಯಲ್ಲಿ ಒಂದು ಸದ್ದೂ ಇರಲಿಲ್ಲ.

"ಇಲ್ಲ ಕಣೇ," ಅಂದಳು. "ಅವನಿಲ್ಲ."

ಮರುದಿನ ಬೆಳಿಗ್ಗೆ ನನ್ನ ಬಾಗಿಲು ತಟ್ಟಿದ ಸದ್ದಿಗೆ ಹೋಗಿ ನೋಡಿದರೆ ಯೆಲ್ಕಾ. ಅಷ್ಟು ವರ್ಷ ಹಗಲು ಕಾಣದ ಕಣ್ಣು, ಬಿಸಿಲಿಗೆ ನೀರು ಸುರಿಯುತ್ತಿತ್ತು. ಇಂಜೆಕ್ಷನ್‌ಗೆ ಹೋಗೋಣ ಎಂದಳು. ಅದಕ್ಕೆ ಮೊದಲು ಪಾದ್ರಿಯ ಹತ್ತಿರ ಹೋಗಿ ಯೂರೆಯ ಆತ್ಮಶಾಂತಿಗೆ ಪೂಜೆ ಹೇಳಿಸಬೇಕಂತೆ.

"ನನ್ನ ಹತ್ರ ಕಪ್ಪು ಬಟ್ಟೆ ಒಂದೂ ಇಲ್ಲ. ನಿಂದೊಂದು ಕೊಡು."

ನನ್ನ ಅಮ್ಮ ಸತ್ತಾಗ ಹೊಲಿಸಿದ್ದ ಕಪ್ಪು ನಿಲುವಂಗಿಯನ್ನು ತೊಡಿಸಿದೆ. ಅದು ಅವಳ ಕಾಲು ದಾಟಿ ನೆಲದ ಮೇಲೆ ಬಿದ್ದಿತ್ತು. ಹಾಗೇ ನಡೆದರೆ ಮುಗ್ಗರಿಸುತ್ತಾಳೆ ಎಂದು ಮಂಡಿಯೂರಿ, ಅಂಚು ಮಡಚಿ ಪಿನ್ನು ಹಾಕತೊಡಗಿದೆ. ಅವಳು ನನ್ನ ತಲೆಯ ಮೇಲೆ ಕೈ ಊರಿಕೊಂಡು, ಹೊಸದಾಗಿ ಗಂಡ ಸತ್ತವಳಂತೆ ಅಳುತ್ತ ನಿಂತಿದ್ದಳು.