ಸತ್ತ ಮೇಲೂ ಬಿಸಿನೀರು ಕೇಳೋರು

ನನ್ನ ಗಂಡ ಸತ್ತ ಮೇಲೆ ನನಗೆ ಕೆಲಸ ಕಡಿಮೆ ಆಗುತ್ತೆ ಅಂತ ಎಲ್ಲರೂ ಅಂದುಕೊಂಡಿದ್ದರು. ನಾನೂ ಅಂದುಕೊಂಡಿದ್ದೆ. ಆಗಲಿಲ್ಲ. ಕಣ್ಣು ಮುಚ್ಚಿದರೆ ಸಾಕು, ಕನಸಲ್ಲಿ ಬರೋರು. ಟವಲು ಹೆಗಲಿಗೆ ಹಾಕಿಕೊಂಡು ಬಚ್ಚಲ ಬಾಗಿಲಲ್ಲಿ ನಿಂತು, "ನೀರು ಕಾದಿದ್ಯಾ?" ಅನ್ನೋರು. ನಾನು ಒಲೆ ಮುಂದೆ ಕೂರಬೇಕು. ಸೌದೆ ಹಸಿ. ಊದಿ ಊದಿ ಸಾಕಾಗಿ ಎಚ್ಚರ ಆದರೆ ಮೈಯೆಲ್ಲಾ ನೋವು. ಆಮೇಲೆ ಶಿಡ್ಲಘಟ್ಟದಲ್ಲಿ ನೂಲು ತೆಗೆಯೋ ಕಡೆ ಕೆಲಸಕ್ಕೆ ಹೋಗಿ, ಸಂಜೆವರೆಗೂ ಕುದಿಯೋ ನೀರಿಗೆ ಕೈ ಹಾಕಿ ರೇಷ್ಮೆಗೂಡು ತಿರುವಬೇಕು. ಎದ್ದರೂ ಬಿಸಿನೀರು, ಮಲಗಿದರೂ ಬಿಸಿನೀರು.

ತಾಯತ ಕಟ್ಟಿಸಿಕೊಂಡೆ. ಡಾಕ್ಟರು ನಿದ್ದೆ ಮಾತ್ರೆ ಕೊಟ್ಟರು. ಮಾತ್ರೆ ತಗೊಂಡರೆ ಬೇಗ ಎಚ್ಚರಾನೇ ಆಗದೆ ಇನ್ನೂ ಹೆಚ್ಚು ಹೊತ್ತು ಒಲೆ ಊದಬೇಕಾಯ್ತು.

ಪಕ್ಕದ ಮನೆಯ ಟೀಚರಮ್ಮ ಕರೆದಳು. "ಅಕ್ಕ, ಭಾನುವಾರ ನಮ್ಮ ಸ್ಕೂಲಲ್ಲಿ ಒಂದು ಗುಂಪು ಸೇರ್ತೀವಿ. ಕನಸು ಹೇಳ್ಕೋತೀವಿ. ಮನಸ್ಸಿನ ಆಳ ತಿಳ್ಕೊಳ್ಳೋದು."

"ಅದಕ್ಕೆ ಗುಂಪು ಬೇಕೇನಮ್ಮ? ಬಟ್ಟೆ ಒಗೆಯೋದಿಲ್ವಾ ನಿಮಗೆ ಭಾನುವಾರ?"

ಆದರೂ ಹೋದೆ. ಮಕ್ಕಳು ಕೂರೋ ಬೆಂಚು, ಮಂಡಿ ಒಳಗೆ ಹಿಡಿಸೋದಿಲ್ಲ. ಒಂದಷ್ಟು ಟೀಚರುಗಳು, ಚಿಂತಾಮಣಿ ಕಡೆಯ ಒಬ್ಬ ಪೋಸ್ಟ್ ಆಫೀಸ್ ಗುಮಾಸ್ತ. ಹೇಳಿಕೊಡೋರು ಚಿಕ್ಕಬಳ್ಳಾಪುರದಿಂದ ಬಸ್ಸಲ್ಲಿ ಬರೋ ರಿಟೈರಾದ ಮೇಷ್ಟ್ರು.

"ಮನಸ್ಸು ಬಾವಿ ಇದ್ದ ಹಾಗೆ," ಅಂದರು ಮೇಷ್ಟ್ರು. "ನಮಗೆ ಕಾಣೋದು ಮೇಲಿನ ನೀರು ಮಾತ್ರ."

"ನಮ್ಮ ಕಡೆ ಬಾವೀಲಿ ನೀರೇ ಇಲ್ಲ ಸಾರ್. ಎಲ್ಲಾ ಬೋರು ಹಾಕ್ಸಿದಾರೆ," ಅಂದೆ. ಗುಮಾಸ್ತ ನಕ್ಕ. ಮೇಷ್ಟ್ರು ನಗಲಿಲ್ಲ.

ಅಲ್ಲಿ ಒಂದು ಕಟ್ಟಳೆ. ಕನಸಲ್ಲಿ ಯಾರು ಬಂದರೋ ಅವರ ಹೆಸರು ಮೊದಲು ಹೇಳಬೇಕು, ಆಮೇಲೆ ಕನಸು. ಗಂಡನ ಹೆಸರು ನಾನು ಬಾಯಲ್ಲಿ ಆಡಿದ್ದು ಒಂದೇ ಸಲ, ಮದುವೆಯಾಗಿ ಬಂದಾಗ, ನಾದಿನಿ ಹೊಸಲಿಗೆ ಅಡ್ಡ ನಿಂತು ಬಿಡದೆ ಹೇಳಿಸಿದಾಗ. ಆಮೇಲೆ ರೇಷನ್ ಕಾರ್ಡಿಗೂ ನನ್ನ ಮಗಳೇ ಹೇಳಿದ್ದು.

"ನಮ್ಮನೆಯೋರು ಬರ್ತಾರೆ," ಅಂದೆ.

"ಹೆಸರು?"

"ಅದೇ, ನಮ್ಮನೆಯೋರು."

"ಚೆಪ್ಪಕ್ಕಾ, ಹೇಳಿಬಿಡು. ಹೆಸರು ಹೇಳಿದ್ರೆ ಸತ್ತೋರು ಬಂದು ಬೈತಾರಾ?" ಅಂದ ಗುಮಾಸ್ತ, ತನ್ನ ಕಡೆಯ ತೆಲುಗು ಬೆರೆಸಿ. "ಹೋಗ್ಲಿ, ದೇವರ ಹೆಸರಾ?"

ಹೌದು ಅಂತ ತಲೆ ಆಡಿಸಿದೆ. ಒಬ್ಬೊಬ್ಬರೂ ಒಂದೊಂದು ದೇವರ ಹೆಸರು ಕೂಗೋಕೆ ಶುರು ಮಾಡಿದರು. ನಾನು ಇಲ್ಲ, ಇಲ್ಲ ಅಂತಿದ್ದೆ. ನಡುವೆ ಸರಿಯಾದದ್ದೇ ಬಂತು. ಅದಕ್ಕೂ ಇಲ್ಲ ಅಂದೆ.

ಮೇಷ್ಟ್ರು ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿದರು. "ನೋಡಿ, ಗಂಟು ಇರೋದೇ ಇಲ್ಲಿ."

"ಗಂಟೂ ಇಲ್ಲ ಗಿಂಟೂ ಇಲ್ಲ. ಬಾಯಿಗೆ ಬರಲ್ಲ, ಅಷ್ಟೆ. ಅವರು ಬರದಂಗೆ ಮಾಡ್ತೀರೋ ಇಲ್ವೋ ಹೇಳಿ ಸಾರ್. ನಾನು ನಿದ್ದೆ ಮಾಡ್ಬೇಕು."

"ಬರ್ತಿರೋದು ಅವರಲ್ಲಮ್ಮ. ನಿಮ್ಮೊಳಗಿನದೇ ಏನೋ ಒಂದು ಅವರ ವೇಷ ಹಾಕ್ಕೊಂಡು ಬರ್ತಿದೆ. ಬಿಸಿನೀರು ಕೇಳ್ತಿರೋದು ನೀವೇ."

"ನನಗೆ ತಣ್ಣೀರೇ ಸಾಕು," ಅಂದೆ.

ಇಷ್ಟಾದರೂ ಮುಂದಿನ ಭಾನುವಾರ ಹೋದೆ, ಅದರ ಮುಂದಿನದಕ್ಕೂ ಹೋದೆ. ಅವರ ಮಾತು ಅರ್ಧ ಅರ್ಥ ಆಗ್ತಿರಲಿಲ್ಲ. ಆದರೆ ಅಷ್ಟು ಹೊತ್ತು ಯಾರೂ ನನಗೆ ಅದು ತಾ, ಇದು ಮಾಡು ಅಂತಿರಲಿಲ್ಲ. ನಾನು ಗೋಡೆ ಪಕ್ಕದ ಬೆಂಚು ಹಿಡಿದುಕೊಳ್ಳೋಳು.

ಒಂದು ದಿನ ಗುಮಾಸ್ತ ತನ್ನ ಕನಸು ಹೇಳ್ತಿದ್ದ. ತೊಂಡೇಬಾವಿ ಸ್ಟೇಷನ್ನಲ್ಲಿ ರೈಲಿಗೆ ಕಾಯ್ತಾನಂತೆ, ಬಂದ ರೈಲೆಲ್ಲ ನಿಲ್ಲದೆ ಹೋಗ್ತವಂತೆ. ರೈಲು ಮುಗಿಯಲೇ ಇಲ್ಲ. ಗೋಡೆಗೆ ಒರಗಿದವಳಿಗೆ ಹಾಗೇ ನಿದ್ದೆ ಹತ್ತಿತು.

ಅಲ್ಲಿಗೂ ಬಂದರು. ಟವಲು ಹಾಕಿಕೊಂಡು ಕ್ಲಾಸ್ ರೂಮಿನ ಬಾಗಿಲಲ್ಲಿ ನಿಂತರು. "ನೀರು ಕಾದಿದ್ಯಾ?"

ಏಳೋಕೆ ಹೋದೆ. ಎಲ್ಲಿಗೆ ಏಳೋದು? ಸುತ್ತ ಬೆಂಚು, ಮುಂದೆ ಕರಿಹಲಗೆ.

"ಇಲ್ಲಿ ಒಲೆ ಇಲ್ಲ ಕಣ್ರೀ," ಅಂದೆ.

ಒಂದು ಸಲ ಒಳಗೆಲ್ಲಾ ನೋಡಿದರು. ಬೈಯಲಿಲ್ಲ. ಮಕ್ಕಳ ಬೆಂಚಲ್ಲಿ ಕಾಲು ಮಡಚಿ ಕೂತರು, ಬಸ್ಸಿಗೆ ಕಾಯೋರ ಥರ. ನಾನೂ ಕೂತೇ ಇದ್ದೆ. ಅಷ್ಟೇ ಕನಸು.

ಎಚ್ಚರ ಆದಾಗ ಎಲ್ಲರೂ ನನ್ನನ್ನೇ ನೋಡ್ತಿದ್ದರು. ಮೈ ನೋವಿರಲಿಲ್ಲ.

ಮೇಷ್ಟ್ರಿಗೆ ಬೇಜಾರಾಗಿತ್ತು. "ಅಮ್ಮ, ಇದು ಒಳಗೆ ಎಚ್ಚರ ಆಗೋ ಜಾಗ. ನೀವು ನಿದ್ದೆ ಮಾಡ್ತೀರಲ್ಲ?"

"ಡಾಕ್ಟರ ಮಾತ್ರೇಲಿ ಆಗದ್ದು ನಿಮ್ಮ ಮಾತಲ್ಲಿ ಆಯ್ತು ಸಾರ್," ಅಂದೆ. ಹೊಗಳಿಕೆ ಅಂತಲೇ ಹೇಳಿದ್ದು. ಕನಸು ಹೇಳಿದೆ. ಹೆಸರು ಹೇಳದೇನೇ ಹೇಳಿದೆ, ಕೇಳಿಸಿಕೊಂಡರು. ಇದಕ್ಕೆ ಬಹಳ ಅರ್ಥ ಇದೆ ಅಂತ ಮೇಷ್ಟ್ರು ಏನೇನೋ ಬಿಡಿಸಿ ಹೇಳಿದರು. ಇರಬಹುದು.

ಮನೇಲಿ ಆಮೇಲೂ ಬರೋರು, ನೀರು ಕೇಳೋರು, ನಾನು ಕಾಯಿಸೋಳು. ಅದು ವಾಸಿಯಾಗಲಿಲ್ಲ. ಆ ಗುಂಪು ನಿಲ್ಲೋವರೆಗೂ ಭಾನುವಾರ ಹೋಗಿ ಅದೇ ಗೋಡೆಗೆ ಒರಗಿ ಮಲಗಿದೆ. "ಮಲಗಿ, ಆದ್ರೆ ಗೊರಕೆ ಹೊಡೀಬೇಡಿ," ಅಂದಿದ್ದರು ಮೇಷ್ಟ್ರು. ಹೊಡೆದೆನೋ ಇಲ್ಲವೋ ಗೊತ್ತಿಲ್ಲ. ಯಾರೂ ಎಬ್ಬಿಸಲಿಲ್ಲ.