ನೇಯುವ ಹೆಂಗಸರು: ಇಲ್ಲ

“ನಮ್ಮ ಓಣ್ಯಾಗ ಹೆಣ್ಮಕ್ಕಳು ಮಗ್ಗಕ್ಕ ಕೂಡೂದಿಲ್ರಿ. ಲಾಳಿ ಕಂಡಿಕಿಗೆ ನೂಲ ಸುತ್ತತಾರ, ಹರದ ಎಳಿ ಗಂಟ ಹಾಕತಾರ, ಅಷ್ಟ. ಸೀರಿ ನೇಯಾವ್ರು ಗಂಡಸರ.”

ಗಜೇಂದ್ರಗಡದ ನಮ್ಮ ನೇಕಾರ ಓಣಿಗೆ ಹೊರಗಿನಿಂದ ಯಾರೇ ಬಂದು ವಿಚಾರಿಸಲಿ, ಅವರಿಗೆ ಸಿಗುವ ಉತ್ತರ ಇದು. ನನ್ನ ತಂದೆಯ ಬಾಯಲ್ಲಿ ಇದನ್ನು ಕೇಳಿದ್ದೇನೆ, ನಾನೂ ಹೇಳಿದ್ದೇನೆ. ಇದು ಸುಳ್ಳು. ಸುಳ್ಳೆಂಬುದು ಓಣಿಯ ಪ್ರತಿಯೊಂದು ಮನೆಗೂ ಗೊತ್ತು. ಗೊತ್ತಿದ್ದೂ ಅದನ್ನು ಉಳಿಸಿಕೊಂಡು ಬಂದೆವು. ಅದರ ಫಲವಾಗಿ, ಧಾರವಾಡದಲ್ಲಿ ಬಿ.ಎಸ್ಸಿ. ಎರಡನೆಯ ವರ್ಷ ಓದುತ್ತಿದ್ದ ನನ್ನ ಮೊಮ್ಮಗಳು ಇಂದು ಕಾಲೇಜು ಬಿಟ್ಟು ಮನೆಯಲ್ಲಿದ್ದಾಳೆ.

ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು. ನೂಲಿನ ಗಂಟಿಗೆ ಸುತ್ತಿ ಬರುತ್ತಿದ್ದ ಹಳೆಯ ಪತ್ರಿಕೆಗಳನ್ನು ಬಿಡಿಸಿ ಓದಿ ಅಷ್ಟಿಷ್ಟು ಕಲಿತೆ. ಊರ ಕೋಟೆಯ ಬಗ್ಗೆ ಗುಡಿಯ ಕಟ್ಟೆಯ ಮೇಲೆ ಯಾರಾದರೂ ಕಥೆ ಹೇಳತೊಡಗಿದರೆ ಆಧಾರವೇನೆಂದು ಕೇಳಿ ಎಲ್ಲರ ಬೇಸರಕ್ಕೆ ಗುರಿಯಾಗುತ್ತಿದ್ದೆ. ನನ್ನ ಪಡಸಾಲೆಯಲ್ಲೇ ನಡೆಯುತ್ತಿದ್ದ ಕಥೆಗೆ ಮಾತ್ರ ಆಧಾರ ಕೇಳುವ ಅಗತ್ಯ ನನಗೆ ತೋರಲಿಲ್ಲ.

ನಮ್ಮ ಮನೆಯಲ್ಲಿ ಎರಡು ಮಗ್ಗಗಳು. ಒಂದು ನನ್ನದು, ಮೊಣಕಾಲು ಸೋತ ಮೇಲೆ ನಿಂತುಹೋದದ್ದು. ಇನ್ನೊಂದು ಮಗನದು. ನಮ್ಮವು ತಗ್ಗಿನ ಮಗ್ಗಗಳು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಸೊಂಟ ಬಗ್ಗಿಸಿ ದಿನವಿಡೀ ಕೂಡಬೇಕು. ಮಗನಿಗೆ ಬೆನ್ನುಹುರಿಯ ಬೇನೆ ಬಂತು. ಕುಣಿಯಲ್ಲಿ ಅರ್ಧ ತಾಸು ಕುಳಿತರೆ ಏಳಲು ಇಬ್ಬರು ಹಿಡಿಯಬೇಕಾಗುತ್ತಿತ್ತು. ಆಗ ಸೊಸೆ ಕುಳಿತಳು. ಅವಳು ಸವಡಿಯವಳು, ತವರಿನವರು ಹೊಲದ ಕೂಲಿಯಿಂದ ಬದುಕಿದವರು, ಅಲ್ಲಿ ಮಗ್ಗವಿರಲಿಲ್ಲ. ಆದರೂ ಗಂಡನ ಕೈ ನೋಡಿ ನೋಡಿಯೇ ಕಲಿತಿದ್ದಳು. ಅವಳ ಕಾಲು ತುಳಿಯುವ ಹಲಗೆಗೆ ಎಟಕುತ್ತಿರಲಿಲ್ಲವೆಂದು ನಾನೇ ಹಲಗೆಯ ಹಗ್ಗವನ್ನು ನಾಲ್ಕು ಬೆರಳು ಮೇಲಕ್ಕೆ ಕಟ್ಟಿಕೊಟ್ಟೆ. ಆಮೇಲಿನ ಆರು ವರ್ಷ ನಮ್ಮ ಮನೆಯಿಂದ ಹೋದ ಸೀರೆಗಳೆಲ್ಲ ಅವಳು ನೇಯ್ದವು.

ಮುಂಬಾಗಿಲು ಹಾಕಿಕೊಂಡು ನೇಯುತ್ತಿದ್ದಳು. ಬಾಗಿಲು ಬಡಿದ ಸಪ್ಪಳವಾದರೆ ಲಾಳಿ ನಿಲ್ಲುತ್ತಿತ್ತು; ಅವಳು ಕುಣಿಯಿಂದೆದ್ದು ಕಂಡಿಕೆ ಸುತ್ತುವ ರಾಟೆಯ ಮುಂದೆ ಹೋಗಿ ಕೂಡುತ್ತಿದ್ದಳು, ಮಗ ಗೋಡೆ ಹಿಡಿದು ಕುಣಿಗೆ ಇಳಿಯುತ್ತಿದ್ದ. ಓಣಿಯ ಎಷ್ಟೋ ಮನೆಗಳಲ್ಲಿ ಇದೇ ರೂಢಿ. ನೂಲು ಕೊಟ್ಟು ಸೀರೆ ಒಯ್ಯುವ ಸಾವುಕಾರನಂತೂ ಓಣಿಯ ಮೂಲೆಯಲ್ಲೇ ನಿಂತು ಎರಡು ಸಲ ಜೋರಾಗಿ ಕೆಮ್ಮಿ, ನಾವು ಜಾಗ ಬದಲಿಸುವಷ್ಟು ಹೊತ್ತು ಕೊಟ್ಟು ಬರುತ್ತಿದ್ದ. ಅಷ್ಟು ಮರ್ಯಾದಸ್ಥ.

ಸರಕಾರದಿಂದ ಮಗ್ಗಗಳನ್ನು ಎಣಿಸುವವರು ಬಂದದ್ದು ಆ ದಿನಗಳಲ್ಲಿಯೇ. ಒಬ್ಬ ಹುಡುಗಿ, ಕೈಯಲ್ಲಿ ಉದ್ದನೆಯ ಫಾರ್ಮು. ಅವಳನ್ನು ಕಟ್ಟೆಯ ಮೇಲೆ ಕೂಡಿಸಿ ನಾನೇ ಉತ್ತರ ಕೊಟ್ಟೆ.

“ಅಜ್ಜಾರ, ಮನ್ಯಾಗ ನೇಯಾವ್ರು ಎಷ್ಟ ಮಂದಿರಿ?”

“ಇಬ್ಬರು. ನಾನು, ನನ್ನ ಮಗ.”

“ಹೆಣ್ಮಕ್ಕಳು?”

“ಇಲ್ಲ.”

“ಸೊಸಿಯಾರು ಕಂಡಿಕಿ ಸುತ್ತಿದ್ರ ಅದನ್ನರ ಬರೀತೀನ್ರಿ. ಸಹಾಯಕರು ಅಂತ ಒಂದು ಕಲಮು ಐತಿ.”

“ರೊಟ್ಟಿ ಬಡಿಯೂದಕ್ಕೂ ಒಂದು ಕಲಮು ಐತೇನು?” ಎಂದೆ.

ಹುಡುಗಿ ನಕ್ಕಳು. ನನ್ನ ಮಾತನ್ನು ನಾನೂ ಮೆಚ್ಚಿಕೊಂಡೆ. ಒಳಗೆ ಮಗ ಲಾಳಿ ಹಿಡಿದು ಕುಣಿಯಲ್ಲಿ ಕುಳಿತಿದ್ದ. ನೋವಿಗೆ ಅವನ ಹಣೆಯ ಮೇಲೆ ಬೆವರು ಕೂಡಿತ್ತು. ಸೊಸೆ ಬಾಗಿಲ ಮರೆಯಲ್ಲಿ ನಿಂತು ಎಲ್ಲವನ್ನೂ ಕೇಳಿದಳು. ‘ನೇಯುವ ಹೆಂಗಸರು’ ಎಂಬುದರ ಮುಂದೆ ಹುಡುಗಿ ‘ಇಲ್ಲ’ ಎಂದು ಬರೆದಳು. ನಾನು ಕನ್ನಡಕ ಹಾಕಿಕೊಂಡು, ಓದಿ, ಸಹಿ ಮಾಡಿದೆ. ಓದದೆ ಸಹಿ ಮಾಡಿದೆ ಎಂದು ಹೇಳಿಕೊಳ್ಳುವ ಅವಕಾಶವೂ ನನಗಿಲ್ಲ.

ಮೊಮ್ಮಗಳು ಪಿಯುಸಿಯಲ್ಲಿ ಚಲೋ ಅಂಕ ತೆಗೆದು ಧಾರವಾಡ ಸೇರಿದಳು. ನೇಕಾರರ ಮಕ್ಕಳಿಗೆಂದು ಇರುವ ವಿದ್ಯಾರ್ಥಿವೇತನ ಆ ಎಣಿಕೆಯಿಂದ ತಂದೆಗೆ ಸಿಕ್ಕಿದ್ದ ನೇಕಾರ ಗುರುತಿನ ಚೀಟಿಯ ಮೇಲೆ ಮೊದಲ ವರ್ಷ ಬಂತು. ಕಾಲೇಜಿನ ಫೀ, ಹಾಸ್ಟೆಲಿನ ಊಟ ಅದರಿಂದಲೇ ನಡೆಯಿತು. ಆ ವರ್ಷದ ಪರೀಕ್ಷೆ ಮುಗಿಯುವ ಮೊದಲೇ ಮಗ ತೀರಿಕೊಂಡ. ಎರಡನೆಯ ವರ್ಷದ ಅರ್ಜಿ ತಿರಸ್ಕೃತವಾಯಿತು. ಬೇರೆ ನೆರವುಗಳಿಗೆ ಅರ್ಜಿ ಹಾಕುವ ಅವಧಿ, ನಾವು ಇದೊಂದನ್ನೇ ನಂಬಿಕೊಂಡಿದ್ದಾಗ, ದಾಟಿಹೋಗಿತ್ತು.

ಕೈಚೀಲದಲ್ಲಿ ಕಾಗದಗಳನ್ನೆಲ್ಲ ಹಾಕಿಕೊಂಡು ಬಸ್ಸು ಹಿಡಿದು ಕೈಮಗ್ಗ ಇಲಾಖೆಯ ಕಚೇರಿಗೆ ಹೋದೆ. ಅಲ್ಲಿನ ಅಧಿಕಾರಿ ಕೆಟ್ಟ ಮನುಷ್ಯನಲ್ಲ. ಕುರ್ಚಿ ಕೊಟ್ಟು ಕೂಡಿಸಿದ.

“ಅಜ್ಜಾರ, ತಂದಿ ಇಲ್ಲ ಅಂದಮ್ಯಾಲೆ ತಾಯಿ ಚೀಟಿ ಬೇಕ್ರಿ. ತಾಯಿ ನೇಕಾರರಲ್ಲ.”

“ಅಕಿ ನೇಯತಾಳ್ರಿ. ಈಗ ಮನಿ ನಡದಿದ್ದ ಅಕಿ ಕೈಲೆ.”

“ಹಂಗಂತ ಎಲ್ಲೈತಿ?”

“ನನ್ನ ಚೀಟಿ ಐತಲ್ರಿ. ನಾ ಹುಡಿಗಿ ಅಜ್ಜ.”

“ತಾಯಿ ಇರೂ ಮಟಾ ಅಜ್ಜ ಪಾಲಕ ಆಗೂದಿಲ್ರಿ.” ಆತ ಫೈಲು ತಿರುಗಿಸಿ ಎಣಿಕೆಯ ಫಾರ್ಮನ್ನು ನನ್ನ ಮುಂದಿಟ್ಟ. “ಸಹಿ ನಿಮ್ಮದ ಅಲ್ರಿ?”

ನನ್ನದೇ. ಅಕ್ಷರ ದುಂಡಗಿದ್ದವು.

ಆತನೇ ದಾರಿಯನ್ನೂ ಹೇಳಿದ. ಸ್ಥಳಕ್ಕೆ ಬಂದು ಪರಿಶೀಲಿಸುತ್ತೇವೆ, ಸೊಸೆ ನೇಯ್ದು ತೋರಿಸಲಿ, ಓಣಿಯ ಇಬ್ಬರು ಸಾಕ್ಷಿ ಸಹಿ ಹಾಕಲಿ. ಇಷ್ಟೆಲ್ಲ ಹದಿನೈದು ದಿನಗಳೊಳಗೆ ಆಗಬೇಕು.

ಇಬ್ಬರು ಸಾಕ್ಷಿಗಳು ಓಣಿಯಲ್ಲಿ ಸಿಗುವುದು ಕಷ್ಟವೆಂದು ನಾನು ಎಣಿಸಿರಲಿಲ್ಲ. ಮೊದಲು ಹೋದದ್ದು ನನ್ನ ಜೊತೆ ಮಗ್ಗ ಕಲಿತ ಗೆಳೆಯನ ಮನೆಗೆ. ಅವನು ತನ್ನ ಇಬ್ಬರು ಗಂಡುಮಕ್ಕಳೊಂದಿಗೆ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದ. ಒಳಗೆ ಮಗ್ಗ ನಡೆದಿತ್ತು.

“ನಿನ್ನ ಸೊಸಿ ನೇಯತಾಳ ಅಂತ ನಾ ಬರದ ಕೊಟ್ಟರ, ನಾಳೆ ನಮ್ಮನ್ಯಾಗ ಯಾರು ನೇಯತಾರ ಅಂತ ಕೇಳೂದಿಲ್ಲೇನು?” ಎಂದ.

“ಕೇಳಲಿ. ಒಳಗ ಈಗ ಯಾರು ಕುಂತಾರ?”

“ನನ್ನ ಮಗ.”

“ಇಬ್ಬರೂ ಇಲ್ಲೇ ಅದಾರಲ್ಲೋ.”

ಹಿರಿಯ ಮಗ ಬಟ್ಟಲು ಕೆಳಗಿಟ್ಟು ಬೇರೆ ಕಡೆ ನೋಡಿದ. ಗೆಳೆಯ ಮಾತ್ರ ಕಣ್ಣು ತಪ್ಪಿಸಲಿಲ್ಲ. “ಕೋಟಿ ಕಟ್ಟಿಸಿದಾವ್ರ್ಯಾರು ಅಂತ ಊರ ಮಂದಿನ್ನ ಹಿಡದು ಕೇಳಾವ ನೀ. ನಿನ್ನ ಮನಿದು ನಿನಗ ಈಗ ಗೊತ್ತಾತೇನು? ನಮ್ಮ ಹುಡಿಗಿ ಮದುವಿ ಮಾತು ನಡದೈತಿ. ಹೆಣ್ಮಕ್ಕಳು ದುಡದ ಹಾಕೂ ಮನಿ ಅಂದ್ರ ಬೀಗರು ತಿರುಗಿ ನೋಡತಾರೇನು? ಬ್ಯಾಡ, ದೋಸ್ತ.”

ಹನ್ನೊಂದು ಮನೆಗಳ ಮೆಟ್ಟಿಲು ಹತ್ತಿದೆ. ಕೆಲವರು ನೀರು ಕೊಟ್ಟರು. ಒಬ್ಬರು, ಹುಡುಗಿಗೆ ಇನ್ನೆಷ್ಟು ಓದಿಸುತ್ತೀ, ಗಂಡು ನೋಡು ಎಂದರು. ಮೊಮ್ಮಗಳು ದಿನಾ ಸಂಜೆ ಫೋನು ಮಾಡುತ್ತಿದ್ದಳು: “ಅಜ್ಜಾ, ಸಾಕ್ಷಿ ಸಿಕ್ಕರೇನು?” “ಸಿಗತಾರ ತಗೋ” ಎನ್ನುತ್ತಿದ್ದೆ. ಹಾಸ್ಟೆಲಿನವರು ಅವಳಿಗೆ ದುಡ್ಡು ಕಟ್ಟಲು ಕೊನೆಯ ದಿನ ಹೇಳಿಬಿಟ್ಟಿದ್ದರು. ಹಾಗೆಂದು ಅವಳು ನನಗೆ ಹೇಳಲಿಲ್ಲ, ತಾಯಿಗೆ ಹೇಳಿದ್ದಳು.

ಹದಿಮೂರನೆಯ ದಿನ ಅಧಿಕಾರಿ ಬಂದ. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆಯಿತ್ತು. ಸೊಸೆ ಸೆರಗು ಹೊದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತಳು.

“ಏನವ್ವಾ, ನೀವು ನೇಯತೀರೇನ್ರಿ?”

“ಇಲ್ರಿ.”

ನಾನು ದಿಗಿಲುಬಿದ್ದು, “ಯವ್ವಾ, ಹೇಳು. ಕುಂತು ತೋರಸು” ಎಂದೆ.

ಅವಳು ನನ್ನ ಕಡೆ ನೋಡಲಿಲ್ಲ. “ಮಾವಾರು ಬರಸ್ಯಾರಲ್ರಿ. ಅವ್ರು ಬರಸಿದ್ದು ಸುಳ್ಳ ಅಂತ ಹೊರಗಿನವ್ರ ಮುಂದ ನಾ ಹ್ಯಾಂಗ ಅನ್ಲಿ?”

ಮಗಳ ಓದು ಆ ಒಂದು ಮಾತಿನ ಮೇಲೆ ನಿಂತಿದೆ ಎಂಬುದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ನಾನು ಎರಡು ಸಲ ಕೈ ಮುಗಿದೆ. ಮಾವ ಕೈ ಮುಗಿದದ್ದನ್ನು ಕಂಡು ಅವಳು ಅಳುತ್ತ ಒಳಗೆ ಹೋದಳು; ಹೊರಗೆ ಬರಲಿಲ್ಲ. ಅಧಿಕಾರಿ ಪೆನ್ನಿಗೆ ಮುಚ್ಚಳ ಹಾಕಿದ.

ಅವನಿಂದ ಒಂದು ಬಿಳಿ ಹಾಳೆ ಕೇಳಿ ಪಡೆದು ನಾನೇ ಬರೆದೆ. ಎಣಿಕೆಯ ದಿನ ನಾನು ಕೊಟ್ಟ ಉತ್ತರ ಸುಳ್ಳು. ನನ್ನ ಸೊಸೆ ಆರು ವರ್ಷಗಳಿಂದ ನೇಯುತ್ತಿದ್ದಾಳೆ. ಆಕೆ ಹೇಳದಿರುವುದು ನನ್ನ ಮಾನಕ್ಕಾಗಿ. ಕೆಳಗೆ ಸಹಿ ಮಾಡಿದೆ. ಆತ ಓದಿ, ಕೆಳಭಾಗದಲ್ಲಿ ಸಾಕ್ಷಿಗಳಿಗೆಂದು ಎರಡು ಗೆರೆ ಎಳೆದು, “ಇವೆರಡು ತುಂಬಿಸಿ ಕಚೇರಿಗೆ ತರ್ರಿ” ಎಂದ.

ಆತ ಹೋದ ಮೇಲೆ ಸೊಸೆ ಹೊರಗೆ ಬಂದು, “ಯಾಕ ಬರದ್ರಿ ಮಾವಾರ?” ಎಂದಳು.

“ಖರೇ ಇತ್ತವ್ವಾ.”

“ಖರೇ ಅವತ್ತೂ ಇತ್ತಲ್ರಿ” ಎಂದಷ್ಟೇ ಹೇಳಿ ಕುಣಿಗೆ ಇಳಿದಳು.

ಉಳಿದದ್ದು ಎರಡು ದಿನ. ಮತ್ತೆ ಅದೇ ಮನೆಗಳಿಗೆ ಹೋದೆ. ಈ ಸಲ ನೀರನ್ನೂ ಯಾರೂ ಕೊಡಲಿಲ್ಲ. ಅವಧಿ ಮುಗಿಯಿತು. ಮುಂದಿನ ವಾರ ಮೊಮ್ಮಗಳು ಟ್ರಂಕು ತೆಗೆದುಕೊಂಡು ಬಂದಳು. ಪುಸ್ತಕಗಳನ್ನು ಟ್ರಂಕಿನಿಂದ ಇನ್ನೂ ಹೊರಗೆ ತೆಗೆದಿಲ್ಲ. ತಾಯಿ ನೇಯುತ್ತಾಳೆ, ಇವಳು ಕಂಡಿಕೆ ಸುತ್ತುತ್ತಾಳೆ. ಇಬ್ಬರೂ ನನಗೆ ಹೊತ್ತಿಗೆ ಸರಿಯಾಗಿ ಊಟಕ್ಕೆ ಕೊಡುತ್ತಾರೆ, ಏನನ್ನೂ ಅನ್ನುವುದಿಲ್ಲ. ಇಬ್ಬರಲ್ಲಿ ಒಬ್ಬರಾದರೂ ನಾಲ್ಕು ಮಾತು ಬೈದಿದ್ದರೆ ನನಗೆ ನಿದ್ರೆ ಬರುತ್ತಿತ್ತೇನೋ.

ಅವಧಿ ಮುಗಿದ ಮೇಲೆ ಓಣಿಯ ಕೊನೆಯ ಮನೆಯ ಮುದುಕಿ ಕೋಲೂರಿಕೊಂಡು ನಮ್ಮ ಮನೆಗೆ ಬಂದಳು. ಎಂಬತ್ತು ದಾಟಿದವಳು, ಗಂಡನಿಲ್ಲ, ಮಕ್ಕಳಿಲ್ಲ. ಅವಳನ್ನು ಕೇಳಬೇಕೆಂದು ನನಗೆ ಹೊಳೆದಿರಲೇ ಇಲ್ಲ.

“ಏ ತಮ್ಮಾ, ಎಲ್ಲೈತದು ಹಾಳಿ? ನಾ ಒತ್ತತೀನಿ ಹೆಬ್ಬಟ್ಟು. ನಿನ್ನ ಸೊಸಿ ಏನು, ನಲವತ್ತು ವರ್ಷ ನಾನೂ ನೇದೀನಿ. ನಂಗೇನು ಗಂಡ ನೋಡೂದೈತಿ ಈಗ?”

ಒತ್ತಿದಳು. ಆ ಹಾಳೆಯನ್ನು ಕಚೇರಿಗೆ ಕೊಟ್ಟು ಬಂದಿದ್ದೇನೆ. ಮುಂದಿನ ವರ್ಷದ ಅರ್ಜಿ ತೆರೆಯುವುದರೊಳಗೆ ಎರಡನೆಯ ಸಾಕ್ಷಿ ಸಿಕ್ಕರೆ ತಾಯಿಯ ಹೆಸರಿಗೆ ಚೀಟಿ ಆಗುತ್ತದೆ, ಹುಡುಗಿ ಮತ್ತೆ ಕಾಲೇಜಿಗೆ ಹೋಗಬಹುದು ಎಂದಿದ್ದಾರೆ. ಎಣಿಕೆಯ ಫಾರ್ಮಿನ ಹಿಂದೆಯೇ ಅದನ್ನು ಹಚ್ಚಿದ್ದಾರೆ. ನನ್ನ ಮಾತಿನಲ್ಲಿ ಸಂಶಯವಿದ್ದವರು ಮಾಹಿತಿ ಹಕ್ಕಿನ ಅರ್ಜಿ ಹಾಕಿ ನಕಲು ತರಿಸಿ ನೋಡಬಹುದು: ಎರಡೂ ಹಾಳೆಗಳ ಮೇಲೆ ನನ್ನ ಸಹಿ, ಎರಡನೆಯದರ ಕೆಳಗೆ ಮುದುಕಿಯ ಹೆಬ್ಬೆಟ್ಟು, ಅದರ ಕೆಳಗೆ ಇನ್ನೂ ಯಾರೂ ತುಂಬದ ಒಂದು ಗೆರೆ.