ಕಮಲಾಪುರದ ಬಂಗಲೆಯಲ್ಲಿ ಮೌನ ಹಿಡಿದ ದೊರೆಸಾನಿ

ಮಾಘದ ಒಂದು ಸೋಮವಾರ, ಬೆಳಗ್ಗೆ ಏಳು ಗಂಟೆ. ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಸ್ಥಳ, ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿರುವ ಕಮಲಾಪುರದ ಸರಕಾರಿ ಬಂಗಲೆ. ಒಳಗೆ ಇದ್ದವರು ಇಬ್ಬರು: ಅಮೆರಿಕದ ಹಾಡುಗಾರ್ತಿ, ಮತ್ತು ಅವರ ಆರೈಕೆಗೆ ಹೊಸಪೇಟೆ ಆಸ್ಪತ್ರೆಯಿಂದ ಬಂದಿದ್ದ ನರ್ಸ್, ಅಂದರೆ ನಾನು. ಹೊರಗೆ ಅಂಗಳದ ತುಂಬ ಬಾಳೆಹಣ್ಣು, ತೆಂಗಿನಕಾಯಿ ಹಿಡಿದು ಕೂತ ಜನ.

ಆ ಬೆಳಗ್ಗೆ ತೀರ್ಮಾನವಾಗಬೇಕಿದ್ದದ್ದು ಒಂದೇ ಸಂಗತಿ: ಆಕೆ ಇನ್ನು ಮುಂದೆ ಹಾಡಬಲ್ಲರೇ, ಇಲ್ಲವೇ.

ಆಕೆ ಹಡಗಿನಲ್ಲಿ ಪೂರ್ವದೇಶಗಳಿಗೆ ಕಚೇರಿ ಕೊಡಲು ಬಂದವರು. ಮದರಾಸಿನಲ್ಲಿ ಹಾಡುತ್ತಿರುವಾಗಲೇ ಗಂಟಲ ಒಳಗಿನ ಧ್ವನಿತಂತುವಿನಲ್ಲಿ ರಕ್ತ ಒಸರಿ ದನಿ ನಿಂತುಹೋಯಿತು. ಅಲ್ಲಿಯ ಗಂಟಲ ವೈದ್ಯರು ಒಂದು ತಿಂಗಳು ತುಟಿ ಬಿಚ್ಚಕೂಡದು, ಪಿಸುಮಾತೂ ಕೂಡದು ಎಂದರು. ಮೊದಲು ಸಂಡೂರಿನ ಗುಡ್ಡಕ್ಕೆ ಕಳಿಸಿದರು. ಅಲ್ಲಿಯ ಬೆಳಗಿನ ಮಂಜು ಒಗ್ಗಲಿಲ್ಲ. ಒಣಗಾಳಿ ಬೇಕೆಂದು ಕಮಲಾಪುರಕ್ಕೆ ತಂದರು. ತಿಂಗಳಾದ ಮೇಲೆ ಒಂದೇ ಒಂದು ಸ್ವರ ಹಾಡಿ ನೋಡಬೇಕು, ಬಾರದಿದ್ದರೆ ಇನ್ನೊಂದು ಸಲ ಮಾತ್ರ. ಆಗಲೂ ಬರಿಯ ಗಾಳಿ ಬಂದರೆ ಹಾಡುವ ಆಸೆ ಬಿಡಬೇಕು ಎಂಬುದು ವೈದ್ಯರ ಅಪ್ಪಣೆ. ಮುಂದಿನ ಕಚೇರಿ ಗೊತ್ತುಮಾಡಿದ್ದ ಬೊಂಬಾಯಿಯ ರಂಗಮಂದಿರದವರು ಉತ್ತರಕ್ಕಾಗಿ ಕಾಯುತ್ತಿದ್ದರು.

ನಾನು ಬಳ್ಳಾರಿಯ ಮಿಷನ್ ಆಸ್ಪತ್ರೆಯಲ್ಲಿ ಗಂಟೆಯ ಸದ್ದಿಗೆ ಎದ್ದು, ಗಂಟೆಯ ಸದ್ದಿಗೆ ಉಂಡು ಕೆಲಸ ಕಲಿತವಳು. ಶಿಸ್ತು ಎಂದರೆ ನನಗೆ ಗೊತ್ತು ಎಂದುಕೊಂಡಿದ್ದೆ. ಆಕೆಯನ್ನು ನೋಡಿದ ಮೇಲೆ ನನ್ನ ಶಿಸ್ತು ಮಗುವಿನ ಆಟ ಅನ್ನಿಸಿತು. ಬೆಳಕು ಹರಿಯುವ ಮೊದಲೇ ಎದ್ದು, ಬರಿಗಾಲಿನಲ್ಲಿ ಕಲ್ಲುಜಗುಲಿಯ ಮೇಲೆ ನಡೆಯುತ್ತಿದ್ದರು. ಆಮೇಲೆ ಬಿಸಿಹಬೆ, ಗಂಜಿ, ಉಸಿರಿನ ಅಭ್ಯಾಸ. ಕಾಲಿಗೆ ಚೇಳು ಕುಟುಕಿದ ದಿನವೂ ಬಾಯಿಂದ ಸದ್ದು ಹೊರಡಲಿಲ್ಲ. ಕಣ್ಣಿಂದ ನೀರು ಇಳಿಯಿತು, ಹಲ್ಲು ಕಚ್ಚಿಕೊಂಡು ನನ್ನ ತೋಳು ಹಿಡಿದು ಕೂತರು.

ಮಧ್ಯಾಹ್ನ ವಿಶ್ರಾಂತಿಯ ನಂತರ ಸ್ಲೇಟಿನ ಮೇಲೆ ಇಂಗ್ಲಿಷಿನಲ್ಲಿ ಬರೆದು ತಮ್ಮ ಬದುಕನ್ನು ಹೇಳುತ್ತಿದ್ದರು. ಓದಿದೊಡನೆ ನಾನು ಒದ್ದೆಬಟ್ಟೆಯಿಂದ ಒರೆಸಬೇಕು, ಮುಂದಿನ ಸಾಲು ಬರುತ್ತಿತ್ತು. ತಂದೆ ಕುದುರೆಯ ಜೀನು ಹೊಲಿಯುವವರು, ತಾಯಿ ಊರವರ ಬಟ್ಟೆ ಒಗೆಯುವವರು. ಚಳಿಗಾಲದಲ್ಲಿ ಹೊಳೆಯೇ ಹೆಪ್ಪುಗಟ್ಟುವ ಊರು. ಚರ್ಚಿನ ಹಾಡುಗುಂಪಿನಲ್ಲಿ ಇವರ ದನಿ ಉಳಿದವರ ದನಿಯನ್ನೆಲ್ಲ ಮುಚ್ಚುತ್ತದೆ ಎಂದು ಹಿಂದಿನ ಸಾಲಿಗೆ ತಳ್ಳಿದರಂತೆ. ಹಿಂದಿನ ಸಾಲಿನಿಂದಲೂ ಮುಚ್ಚಿತಂತೆ. ಆಮೇಲೆ ಸರಕುಹಡಗಿನಲ್ಲಿ ಇಟಲಿಗೆ. ಅಲ್ಲಿ ಎರಡು ವರ್ಷ ಗುರು ಒಂದು ಹಾಡನ್ನೂ ಕಲಿಸಲಿಲ್ಲ, ಬರೀ ಉಸಿರು. ಮೊದಲ ಸಲ ರಂಗಕ್ಕೆ ಬಂದಾಗ ಅರ್ಧ ತಾಳ ಮುಂಚೆ ಹಾಡು ಎತ್ತಿಕೊಂಡದ್ದಕ್ಕೆ ಜನ ಅಣಕಿಸಿ ಸಿಳ್ಳೆ ಹಾಕಿದರು. ಮರುದಿನ ಅದೇ ಜನರ ಮುಂದೆ ಅದೇ ಹಾಡನ್ನು ಹಾಡಿದರು. ಕೊನೆಗೆ ನ್ಯೂಯಾರ್ಕಿನ ದೊಡ್ಡ ರಂಗಮಂದಿರದಲ್ಲಿ ಇಪ್ಪತ್ತು ವರ್ಷ.

ಆಪೆರಾ ಎಂಬ ಅವರ ನಾಟಕ ನಮ್ಮ ಕಂಪನಿ ನಾಟಕದ ಹಾಗೆಯೇ, ಆದರೆ ಅಲ್ಲಿ ಮಾತೇ ಇಲ್ಲ, ಜಗಳವೂ ಹಾಡು, ಸಾಯುವುದೂ ಹಾಡು. ಎದುರಿಗೆ ನೂರು ಜನ ವಾದ್ಯ ಬಾರಿಸುತ್ತಿರುತ್ತಾರೆ. ಮೈಕು ಇಲ್ಲ. ಆ ನೂರು ವಾದ್ಯಗಳ ಮೇಲೆ ಒಬ್ಬ ಹೆಂಗಸಿನ ದನಿ ಹಾಯ್ದು ಕೊನೆಯ ಸಾಲಿನವನ ಕಿವಿಗೆ ಮುಟ್ಟಬೇಕು. ಓದುತ್ತಾ ನನ್ನ ಒರೆಸುವ ಕೈ ಅಲ್ಲೇ ನಿಂತಿತು.

ಕ್ಷಯ ಹಿಡಿದು ಸಾಯುವ ಪಾತ್ರವೇ ಅವರಿಗೆ ಹೆಚ್ಚು ಹೆಸರು ತಂದದ್ದು. ಕ್ಷಯದವರು ಹೇಗೆ ಸಾಯುತ್ತಾರೆಂದು ನಾನು ಬಲ್ಲೆ, ಅವರು ಹಾಗೆ ಹಾಡಲಾರರು ಎಂದೆ. ಆಕೆ ಸದ್ದಿಲ್ಲದೆ ಮೈ ಕುಲುಕಿಸಿ ನಕ್ಕು ಬರೆದರು: "ನನ್ನ ಶ್ವಾಸಕೋಶ ಗಟ್ಟಿಯಾಗಿದೆ ಎಂದೇ ನನ್ನನ್ನು ಕ್ಷಯದಿಂದ ಸಾಯಿಸುತ್ತಾರೆ."

ಇನ್ನು ಅಂಗಳದ ಜನ. ಆ ಬಂಗಲೆ ಹಿಂದೊಮ್ಮೆ ಶಿವನ ಗುಡಿಯಾಗಿದ್ದದ್ದು, ಕಂಬಗಳು ಇನ್ನೂ ಹಾಗೇ ಇದ್ದವು. ಅಲ್ಲಿಯ ಅಡುಗೆಯವನಿಗೆ ಕೆಲಸವಿಲ್ಲದ ಬೇಸರ. "ಖಾರ ಇಲ್ಲ, ಮಸಾಲಿ ಇಲ್ಲ, ಬರೇ ಗಂಜಿ. ನನ್ನ ಕೈರುಚಿ ಯಾರಿಗೆ ತೋರಿಸ್ಲಿ ನರ್ಸಮ್ಮ?" ಎಂದು ಗೊಣಗುತ್ತಿದ್ದವನು ಹೊಸಪೇಟೆ ಸಂತೆಗೆ ಹೋದಾಗ, ದೊರೆಸಾನಿ ಮೌನ ಹಿಡಿದಾರ ಎಂದು ಹೇಳಿ ಬಂದ. ಬಿಳಿ ಬಟ್ಟೆ, ಬರಿಗಾಲು, ಗಂಜಿ, ಗುಡಿಯ ವಾಸ. ನಮ್ಮ ಜನಕ್ಕೆ ಮತ್ತೇನು ಬೇಕು? ಮೌನವ್ರತದವರೆಂದು ಕೈಮುಗಿಯಲು ಬರತೊಡಗಿದರು. ಕಂಪ್ಲಿಯ ಅಕ್ಕಿ ವ್ಯಾಪಾರಿಗಳ ಮನೆಯ ಅಜ್ಜಿಯೊಬ್ಬರು ಪ್ರತಿ ಸೋಮವಾರ ಗಾಡಿ ಕಟ್ಟಿಸಿಕೊಂಡು ಬರುತ್ತಿದ್ದರು. ಬಂದು ಸುಮ್ಮನೆ ಎದುರಿಗೆ ಕೂತು ಹೋಗುವುದು. ಮೌನದವರ ಮುಂದೆ ಮಾತಾಡಬಾರದಲ್ಲ.

"ಅಮ್ಮಾರ, ವ್ರತ ಅಲ್ರಿ. ಗಂಟಲ ಬ್ಯಾನಿ," ಎಂದು ನಾನು ಎಷ್ಟೋ ಸಲ ಹೇಳಿದೆ.

"ಬ್ಯಾನಿ ಇದ್ದಾಕಿ ಮುಖದಾಗ ಇಷ್ಟು ಕಳಿ ಇರತೈತೇನು? ನೀ ಸುಮ್ನಿರು, ನಿನಗ ಬರೇ ಔಷಧ ಗೊತ್ತು."

ಮೌನ ಬಿಡುವವರ ಮೊದಲ ಮಾತು ಕೇಳಿದರೆ ಒಳ್ಳೆಯದಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ಮೌನ ಬಿಡುವ ದಿನವನ್ನೂ ಅಡುಗೆಯವನು ಸಾರಿಬಿಟ್ಟಿದ್ದ. ಆದ್ದರಿಂದ ಆ ಸೋಮವಾರ ಕಂಪ್ಲಿ, ಎಮ್ಮಿಗನೂರುಗಳಿಂದ ಗಾಡಿಗಳೇ ಬಂದವು. ಆಕೆ ಕಿಟಕಿಯಿಂದ ಇಣುಕಿ ಬೆಚ್ಚಿದರು. ನಾನು ವಿಷಯ ವಿವರಿಸಿ, ಕಳಿಸಿಬಿಡುತ್ತೇನೆ ಎಂದು ಹೊರಗೆ ಹೋದೆ.

"ಯಾಕ ಹೋಗಬೇಕು?" ಅಜ್ಜಿ ಕೂತಲ್ಲಿಂದ ಏಳಲಿಲ್ಲ. "ಒಂದು ತಿಂಗಳು ಬಾಯಿ ಕಟ್ಟಿದ್ದು ಆಕಿ. ಕಾದದ್ದು ನಾವು. ನಡುವ ನಿಂದೇನು ಹುಕುಂ?"

ಒಳಗೆ ಬಂದು ಹೇಳಿದೆ. ಆಕೆ ಸ್ಲೇಟು ಎತ್ತಿಕೊಂಡರು. "ದನಿ ಒಡೆದು ಬಂದರೆ?" ಎಂದು ಬರೆದು, ಉತ್ತರಕ್ಕೆ ಕಾಯದೆ ತಾವೇ ಒರೆಸಿದರು. ಆಮೇಲೆ ಬಾಗಿಲು ತೆರೆದಿಡಲು ಸನ್ನೆ ಮಾಡಿ ಕಂಬಗಳ ನಡುವೆ ನಿಂತರು. ನಾನು ನಾಡಿ ಹಿಡಿದು ನಿಂತೆ.

ಬಾಯಿ ತೆರೆದರು. ಬಂದದ್ದು ಗಾಳಿ. ಕಮ್ಮಾರನ ಹರಿದ ತಿದಿಯ ಸದ್ದು. ಅವರ ಕೈ ನನ್ನ ಕೈಯೊಳಗೆ ತಣ್ಣಗಾಯಿತು, ನಾಡಿ ಓಡತೊಡಗಿತು. ಉಳಿದದ್ದು ಒಂದೇ ಸಲ, ಅದನ್ನೂ ಈಗಲೇ ಮಾಡಿ ಮುಗಿಸುವವರಂತೆ ಅವಸರದಿಂದ ಉಸಿರು ಎಳೆದುಕೊಂಡರು.

ಅಂಗಳದಿಂದ ಅಜ್ಜಿಯ ದನಿ ಬಂತು: "ತಡೀರಿ ತಾಯಿ, ಜಲ್ದಿ ಏನೈತಿ? ನಾವೇನು ರೈಲು ಹಿಡಿಯೋರಲ್ಲ. ಇವತ್ತಿಲ್ಲಂದ್ರ ನಾಳೆ. ಬುತ್ತಿ ಕಟ್ಕೊಂಡು ಬಂದೀವಿ."

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಬುತ್ತಿಯ ಮಾತನ್ನೂ ಬಿಡಲಿಲ್ಲ. ಆಕೆ ಎಳೆದ ಉಸಿರನ್ನು ಹಾಗೇ ಬಿಟ್ಟು ಅಜ್ಜಿಯ ಕಡೆ ನೋಡಿದರು. ಎತ್ತಿದ್ದ ಭುಜಗಳು ಇಳಿದವು. ತಾಳ ಹಿಡಿದು ಕಾಯುವವರು, ಸಿಳ್ಳೆ ಹಾಕಲು ಕಾಯುವವರು, ಇಂಥವರನ್ನೇ ಆಕೆ ಜೀವಮಾನವೆಲ್ಲ ಕಂಡವರು. ನಾಳೆಯಾದರೂ ಆದೀತು ಎಂದು ಹೇಳಿದವರು ಯಾರೂ ಇರಲಿಲ್ಲವೇನೋ. ನನ್ನ ಬೆರಳಡಿಯ ನಾಡಿ ಮೆಲ್ಲಗೆ ಇಳಿದು ಸಮಕ್ಕೆ ಬಂತು.

ಅನಂತರ ಹಾಡಿದರು.

ಸ್ವರ ಶುರುವಾದದ್ದು ನನಗೆ ತಿಳಿಯಲಿಲ್ಲ. ಕೇಳುತ್ತಿದೆ ಎಂದು ಗೊತ್ತಾಗುವ ಹೊತ್ತಿಗೆ ಅದು ಆಗಲೇ ಅಲ್ಲಿತ್ತು. ಕಲ್ಲಿನ ಕೋಣೆ ಮೆಲ್ಲಗೆ ತುಂಬಿತು. ಹಿಗ್ಗಿ ಹಿಗ್ಗಿ ನನ್ನ ಎದೆಗೂಡಿನ ಎಲುಬಿಗೆ ತಾಗಿತು, ಆದರೂ ಕಿವಿಗೆ ಜೋರು ಅನ್ನಿಸಲಿಲ್ಲ. ಗಾಡಿಯ ಎತ್ತುಗಳು ಮೆಲುಕು ನಿಲ್ಲಿಸಿ ಇತ್ತ ತಿರುಗಿದವು. ಕೂತ ಜನ ಒಬ್ಬೊಬ್ಬರಾಗಿ ಎದ್ದು ನಿಂತರು, ಏಳಿ ಎಂದು ಯಾರೂ ಹೇಳಿರಲಿಲ್ಲ. ಆಮೇಲೆ ಅದು ತೆಳ್ಳಗಾಗುತ್ತಾ ಹೋಯಿತು, ನಿಂತ ಗಳಿಗೆ ಯಾವುದೆಂದು ಹೇಳಲಾರೆ. ನಾಡಿ ಹಿಡಿದು ಗಡಿಯಾರ ನೋಡದೆ ನಿಂತದ್ದು ನನ್ನ ಸೇವೆಯಲ್ಲಿ ಅದೊಂದೇ ಸಲ. ಮನುಷ್ಯರ ಗಂಟಲನ್ನು ನಾನು ದಿನವೂ ನೋಡಿದವಳು. ಹೆಬ್ಬೆರಳಿನಷ್ಟು ಜಾಗ. ಅಲ್ಲಿಂದ ಇದು ಹೇಗೆ ಹೊರಟಿತು ಎಂಬುದು ಇಂದಿಗೂ ನನಗೆ ಅರ್ಥವಾಗಿಲ್ಲ.

ಇನ್ನೊಂದು ಸ್ವರ ಎತ್ತುವರೇನೋ ಎಂದು ಹೆದರಿದೆ. ಆಕೆಯ ಮುಖದಲ್ಲಿ ಆ ಹಸಿವು ಕಂಡಿತು. ಆದರೆ ಅವರೇ ತುಟಿ ಮುಚ್ಚಿ, ಸ್ಲೇಟಿನ ಮೇಲೆ "ನಾಳೆ" ಎಂದು ಬರೆದರು. ತಿಂಗಳ ಬಾಯಾರಿಕೆಯ ಮೇಲೆ ಒಂದೇ ಗುಟುಕಿಗೆ ಲೋಟ ಕೆಳಗಿಡುವುದು ನನ್ನಿಂದಾಗುತ್ತಿರಲಿಲ್ಲ.

ಅಜ್ಜಿ ಕಣ್ಣು ಒರೆಸಿಕೊಂಡು ನನ್ನನ್ನು ಕರೆದರು. "ಏನಂದ್ರವ್ವಾ ತಂಗಿ?"

"ಏನೂ ಅನ್ಲಿಲ್ರಿ. ಒಂದು ಸ್ವರ ಹಾಡಿದ್ರು, ಅಷ್ಟ."

"ಒಂದಕ್ಕ ಹಿಂಗಾತು. ಪೂರಾ ಹಾಡಿದ್ರ ಈ ಗುಡಿ ನಿಲ್ಲತೈತೇನು?" ಎಂದು ಗಾಡಿ ಹೂಡಲು ಹೇಳಿದರು.

ಮಧ್ಯಾಹ್ನ ನಮ್ಮ ಆಸ್ಪತ್ರೆಯ ಡಾಕ್ಟರು ಬಂದು ಪುಟ್ಟ ಕನ್ನಡಿಯಿಂದ ಗಂಟಲು ನೋಡಿ, ಕೆಂಪು ಇಲ್ಲ ಎಂದರು. ಬೊಂಬಾಯಿಗೆ ಕಳಿಸಬೇಕಾದ ತಂತಿಯ ಒಕ್ಕಣೆಯನ್ನು ಆಕೆ ಬರೆದುಕೊಟ್ಟರು: "ಹಾಡುತ್ತೇನೆ." ನಾನು ಜಟಕಾದಲ್ಲಿ ಹೊಸಪೇಟೆಗೆ ಹೋಗಿ, ಬಾಗಿಲು ಹಾಕುವ ಮೊದಲೇ ತಂತಿ ಕಚೇರಿ ತಲುಪಿದೆ. ಗುಮಾಸ್ತೆ ತಂತಿಯಂತ್ರದ ಮೇಲೆ ಕಟ್ಟೆ ಕಡ ಎಂದು ಆ ಒಂದು ಮಾತನ್ನು ಬಡಿದು ಮುಗಿಸುವವರೆಗೂ ಕಿಟಕಿಯ ಬಳಿ ನಿಂತಿದ್ದು, ಹೋಯಿತು ಎಂದು ಅವನ ಬಾಯಿಂದ ಕೇಳಿಕೊಂಡು ಹೊರಗೆ ಬಂದೆ.